ಹಸೆ ಚಿತ್ತಾರದ ಪಾಠ: 36 ಮಕ್ಕಳು, ಎಲ್ಲರ ಕೈ-ಕಣ್ಣು ಒಂದೇ ತರ ಇಲ್ಲ

ಬಣ್ಣದಬಟ್ಟಲು
ಏಳನೇ ತರಗತಿ, ವಾರಕ್ಕೊಮ್ಮೆ 40 ನಿಮಿಷದ ಎರಡು ಪೀರಿಯಡ್ ಒಟ್ಟಿಗೆ ಸಿಗುತ್ತೆ. ನಾಲ್ಕು ವಾರದಲ್ಲಿ ಹಸೆ ಚಿತ್ತಾರದ (ಮಲೆನಾಡಿನ ಸಾಂಪ್ರದಾಯಿಕ ಗೋಡೆ ಚಿತ್ರ) ಅಂಚು ಬರೆಸಬೇಕು. ಒಬ್ಬಳಿಗೆ ದೃಷ್ಟಿ ತೀರಾ ಮಂದ, ಒಬ್ಬನಿಗೆ ಬೆರಳಲ್ಲಿ ಹಿಡಿತವಿಲ್ಲ, ಒಬ್ಬನಿಗೆ ಕಿವಿ ಸರಿಯಾಗಿ ಕೇಳಿಸದು. ಐದಾರು ಮಂದಿ ಇಪ್ಪತ್ತು ನಿಮಿಷಕ್ಕೇ ಮುಗಿಸಿ ಗಲಾಟೆ ಶುರು ಮಾಡುತ್ತಾರೆ. ನೋಡಿ ಕಲಿಯುವವರು, ಕೇಳಿ ಕಲಿಯುವವರು, ಮಾಡಿ ಕಲಿಯುವವರು ಅಂತ ಮೂರು ಗುಂಪು ಮಾಡಿ ಮೂರು ಪಾಠ ಬರೆದುಕೊಳ್ಳಲೇ?

ಚೌಕಳಿ
ಮೂರು ಪಾಠ ಬೇಡ ಮೇಡಂ. ಮಕ್ಕಳನ್ನು ಹಾಗೆ ವಿಂಗಡಿಸಿ ಕಲಿಸಿದರೆ ಕಲಿಕೆ ಹೆಚ್ಚುತ್ತದೆ ಅನ್ನುವುದಕ್ಕೆ ತಕ್ಕ ಪುರಾವೆಯಿಲ್ಲ ಎಂದು ಮನೋವಿಜ್ಞಾನಿ ಪಾಶ್ಲರ್ ಮತ್ತು ಸಂಗಡಿಗರು 2008ರಲ್ಲೇ ಬರೆದಿದ್ದಾರೆ. ಗುರಿ ಒಂದೇ ಇರಲಿ: ಒಂದು ನಮೂನೆ ಅದೇ ಅಳತೆಯಲ್ಲಿ, ಅದೇ ಅಂತರದಲ್ಲಿ ಮರುಕಳಿಸಬೇಕು. ಅದನ್ನು ಗೆರೆ ಎಳೆದು ಮಾಡಲಿ, ಅಚ್ಚೊತ್ತಿ ಮಾಡಲಿ, ದಾರ ಅಂಟಿಸಿ ಮಾಡಲಿ, ಅಂಕ ಒಂದೇ.

ಹೆಚ್ಚು ಮಕ್ಕಳು ಎಡವುವುದು ಕೈಯಿಂದಲ್ಲ, ಅಳತೆಯಿಂದ. ಕಾಲು ಡ್ರಾಯಿಂಗ್ ಶೀಟ್ ಸುಮಾರು 28 × 38 ಸೆಂ.ಮೀ. ಅಂಚಿನಿಂದಲೇ ಬರೆಯಲು ಶುರುಮಾಡಿದರೆ ಕೊನೆಯಲ್ಲಿ ಅರ್ಧ ನಮೂನೆ ಉಳಿಯುತ್ತದೆ, ಅದನ್ನು ಹಿಂಡಿ ತುರುಕುತ್ತಾರೆ. ಬದಲಿಗೆ 21 × 33ರ ಚೌಕಟ್ಟು ಹಾಕಿಸಿ, ಅದರ ಅಂಚನ್ನು 3 ಸೆಂ.ಮೀ.ನ ಚೌಕ ಮನೆಗಳಾಗಿ ಒಡೆಸಿ. ಒಂದು ಕಡೆ 7 ಮನೆ, ಇನ್ನೊಂದು ಕಡೆ 11. ಎರಡೂ ಬೆಸ. ಹಾಗಾಗಿ ಎರಡು ನಮೂನೆ ಒಂದು ಬಿಟ್ಟು ಒಂದು ಬಂದರೂ ನಾಲ್ಕೂ ಮೂಲೆಗೆ ಒಂದೇ ನಮೂನೆ ಬರುತ್ತದೆ. 8 ಮನೆ ಮಾಡಿದರೆ ಆ ಬದಿಯ ಎರಡು ಮೂಲೆಗಳಲ್ಲಿ ಬೇರೆ ಬೇರೆ ಕೂರುತ್ತದೆ. ಬೇಗ ಮುಗಿಸುವ ಆ ಐದಾರು ಮಂದಿಗೆ ಇದನ್ನೇ ಕೊಡಿ: "8 ಮನೆ ಇದ್ದಾಗಲೂ ನಾಲ್ಕು ಮೂಲೆ ಒಂದೇ ತರ ಬರುವ ಹಾಗೆ ಏನು ಬದಲಿಸುತ್ತೀರಿ?" ಇನ್ನೊಂದು ಚಿತ್ರ ಬರೆಯಿರಿ ಅಂದರೆ ಅದು ಶಿಕ್ಷೆಯಂತೆ ಕಾಣುತ್ತದೆ, ಇದು ಒಗಟು.

ಪುಂಡಿನಾರು
ಬಣ್ಣದ ವಿಷಯಕ್ಕೆ ಬರೋಣ. ಸಾಗರ, ಸೊರಬ ಕಡೆಯ ದೀವರ ಸಮುದಾಯದ ಹೆಂಗಸರು ಗೋಡೆಗೆ ಬಳಸುವುದು ಕೆಮ್ಮಣ್ಣು, ಅಕ್ಕಿಯ ಬಿಳಿ, ಸುಟ್ಟ ಅಕ್ಕಿಯ ಕಪ್ಪು. ಕುಂಚ ಪುಂಡಿ ನಾರಿನದು. ಕಾಗದಕ್ಕೆ ಇಳಿಸುವಾಗ ಸ್ವಲ್ಪ ಬದಲಿಸಬೇಕಾಗುತ್ತದೆ. 36 ಹಾಳೆಗೆ: ತೆಳು ಬಟ್ಟೆಯಲ್ಲಿ ಜರಡಿ ಹಿಡಿದ ಕೆಮ್ಮಣ್ಣು 500 ಗ್ರಾಂ, ಫೆವಿಕಾಲ್ 150 ಮಿ.ಲೀ., ನೀರು 600 ಮಿ.ಲೀ. ತೆಳುವಾಗಿ ಎರಡು ಸಲ ಬಳಿಸಿ. ಅಂಟು ಕಡಿಮೆಯಾದರೆ ಮಣ್ಣು ಅಂಗೈಗೆ ಬರುತ್ತದೆ. ಹೆಚ್ಚಾದರೆ ಮೇಲ್ಮೈ ಹೊಳೆದು ಅಕ್ಕಿಯ ಗೆರೆ ನಿಲ್ಲದೆ ಹನಿಹನಿಯಾಗಿ ಕೂಡಿಕೊಳ್ಳುತ್ತದೆ. ಮೊದಲ ವಾರ ಇಷ್ಟೇ ಸಾಕು, ಒಣಗಲಿ.

ಅಕ್ಕಿ 4 ಗಂಟೆ ನೆನೆಸಿ ನುಣ್ಣಗೆ ರುಬ್ಬಿ. ಹದ ನೀರುದೋಸೆ ಹಿಟ್ಟಿನಷ್ಟು. ಒಂದು ಮಾತು ಮೊದಲೇ ಹೇಳಿಬಿಡಿ: ಹಸಿ ಇದ್ದಾಗ ಗೆರೆ ಕಾಣುವುದೇ ಇಲ್ಲ, ಬರೀ ಒದ್ದೆ ಗುರುತು. ಒಣಗಿದ ಮೇಲೆ ಬೆಳ್ಳಗಾಗುತ್ತದೆ. ಇದು ಗೊತ್ತಿಲ್ಲದ ಮಗು ಅದರ ಮೇಲೇ ಮೂರು ಸಲ ಎಳೆಯುತ್ತದೆ, ದಪ್ಪವಾದ ಗೆರೆ ಒಣಗಿ ಹೆಕ್ಕಳಿಕೆ ಏಳುತ್ತದೆ. ಹಿಡಿತವಿಲ್ಲದ ಹುಡುಗನ ಕುಂಚಕ್ಕೆ ಹಳೆ ಸೈಕಲ್ ಟ್ಯೂಬ್ ಹೆಬ್ಬೆರಳು ದಪ್ಪ ಆಗುವಷ್ಟು ಸುತ್ತಿ, ಹಾಳೆಯ ನಾಲ್ಕೂ ಮೂಲೆಗೆ ಟೇಪ್ ಹಾಕಿ. ಅಚ್ಚು ಒತ್ತಿಸುವುದಾದರೆ ಅಕ್ಕಿಹಿಟ್ಟು ಬೇಡ, ತೆಳು ಇರುವುದರಿಂದ ಅಚ್ಚಿನಡಿ ಜಾರುತ್ತದೆ. ಸ್ಪಂಜಿನ ಮೇಲೆ ಗಟ್ಟಿ ಪೋಸ್ಟರ್ ಬಿಳಿ ಹಚ್ಚಿ ಅದಕ್ಕೆ ಅಚ್ಚು ತಾಗಿಸಿ. ಟ್ಯೂಬಿನ ತುಂಡನ್ನು ಮರದ ಚೂರಿಗೆ ಅಂಟಿಸಿದರೆ ಅದೇ ಅಚ್ಚು.

ಕಿಟಕಿಪಕ್ಕ
ಮಂದದೃಷ್ಟಿಯವಳಿಗೆ ಕೆಂಪಿನ ಮೇಲೆ ಬಿಳಿ ಒಳ್ಳೆಯದೇ, ಕೆಂಪಿನ ಮೇಲೆ ಕಪ್ಪು ಬೇಡ. ಹಾಳೆ ದೊಡ್ಡದು ಕೊಡಿ, ಮನೆ 6 ಸೆಂ.ಮೀ. ಇರಲಿ, ಲೆಕ್ಕ ಅದೇ 7 ಮತ್ತು 11. ಮನೆಗೆರೆಗಳ ಮೇಲೆ ಹಿಂದಿನ ದಿನವೇ ಫೆವಿಕಾಲ್ ಗೆರೆ ಎಳೆದು ರಾತ್ರಿಯಿಡೀ ಒಣಗಿಸಿ, ಬೆರಳಿಗೆ ಸಿಗುತ್ತದೆ. ಅರೆ ಒಣಗಿದ್ದರೆ ಮುಟ್ಟಿದ ಕೂಡಲೇ ಕಲಸಿಹೋಗುತ್ತದೆ. ಕಿಟಕಿಗೆ ಮುಖ ಮಾಡಿ ಕೂರಿಸಬೇಡಿ, ಬೆಳಕು ಹಿಂದಿನಿಂದ ಅಥವಾ ಪಕ್ಕದಿಂದ ಬರಲಿ.

ಕಿವಿ ಕೇಳಿಸದ ಹುಡುಗನಿಗೆ ನಾವು ಮಾಡುವ ತಪ್ಪು, ಬೋರ್ಡಿಗೆ ತಿರುಗಿ ಬರೆಯುತ್ತಲೇ ಮಾತಾಡುವುದು. ಬರೆಯಿರಿ, ತಿರುಗಿ, ಆಮೇಲೆ ಮಾತಾಡಿ. ಪೂರ್ತಿ ಮುಗಿದ ಚಿತ್ರ ತೂಗುಹಾಕುವ ಬದಲು ನಾಲ್ಕು ಹಾಳೆ ಇಡಿ: ಮನೆಗಳು ಮಾತ್ರ, ಒಂದು ಬದಿ ಮುಗಿದದ್ದು, ಮೂಲೆ ತಿರುಗಿಸಿದ್ದು, ಕೊನೆಯದು. ಇದು ಅವನಿಗಷ್ಟೇ ಅಲ್ಲ, ನಡುವೆ ದಾರಿ ತಪ್ಪಿದ ಯಾರಿಗೂ ಆಗುತ್ತದೆ. ಹಸಿ ಮಣ್ಣು ಮುಟ್ಟಲು ಒಲ್ಲದ ಮಗುವಿದ್ದರೆ ಕೈ ಹಿಡಿದು ಎಳೆಯಬೇಡಿ, ಉದ್ದ ಕುಂಚ ಕೊಡಿ.

ಬಣ್ಣದಬಟ್ಟಲು
ಬೆಸ ಮನೆಯ ಲೆಕ್ಕ ತಲೆಗೇ ಹೊಳೆದಿರಲಿಲ್ಲ. ಉಳಿದ ಅಕ್ಕಿಹಿಟ್ಟು ಮುಂದಿನ ವಾರಕ್ಕೆ ಇಡಬಹುದಾ?

ಪುಂಡಿನಾರು
ಬೇಡ, ಮರುದಿನಕ್ಕೇ ಹುಳಿ ಬರುತ್ತದೆ, ತರಗತಿಯಲ್ಲಿ ಕೂರಲಾಗದು. ವಾರವಾರ ಒಂದು ಲೋಟ ಅಕ್ಕಿ ಹೊಸದಾಗಿ ರುಬ್ಬಿ. ಮಣ್ಣನ್ನು ಪುಡಿಯಾಗಿಯೇ ಇಡಿ, ಅಂಟು ಬೇಕಾದಾಗ ಬೆರೆಸಿಕೊಳ್ಳಿ.