ಅತ್ತೆ ಬಿಟ್ಟ ಮುತ್ತು

‘ನಮ್ಮನೆ ಮಂದಿ’ ಗುಂಪು, ಭಾನುವಾರ ಬೆಳಿಗ್ಗೆ. ತಂಗಿಯ ಮದುವೆಯಾಗಿ ಮೂರೇ ವಾರ. ಅತ್ತೆ ಇದನ್ನೇ ಹುಡುಕಿ ಕಳಿಸಿದ್ದು ಯಾಕೆಂದು ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ.

ದೊಡ್ಡತ್ತೆ: (ಫಾರ್ವರ್ಡ್) ಮಗಳು ಲೀಲಾವತಿಯ ಮದುವೆಗೆ ಗಣಿತಜ್ಞ ಭಾಸ್ಕರಾಚಾರ್ಯರು ಗಳಿಗೆಬಟ್ಟಲು (ತಳದ ತೂತಿನಿಂದ ನೀರು ತುಂಬಿ ಮುಳುಗಿ ಹೊತ್ತು ತಿಳಿಸುವ ಬಟ್ಟಲು) ಇಟ್ಟಿದ್ದರು. ಅವಳು ಬಗ್ಗಿ ನೋಡುವಾಗ ಮುತ್ತು ಉದುರಿ ತೂತು ಮುಚ್ಚಿತು. ಮುಹೂರ್ತ ಮೀರಿತು, ಮದುವೆ ನಿಂತಿತು. ಅವಳ ಸಮಾಧಾನಕ್ಕೆ ಬರೆದ ಗಣಿತ ಗ್ರಂಥವೇ ‘ಲೀಲಾವತಿ’. ಹತ್ತು ಜನಕ್ಕೆ ಕಳಿಸಿ 🙏

ದೊಡ್ಡತ್ತೆ: ಮುಹೂರ್ತ ಅಂದ್ರೆ ತಮಾಷೆ ಅನ್ನೋರು ಓದಲಿ.

ಚಿಕ್ಕಪ್ಪ: ಮೂಲ? ‘ಸಿದ್ಧಾಂತ ಶಿರೋಮಣಿ’ ಬರೆದದ್ದು 1150ರಲ್ಲಿ, ಅವರಿಗಾಗ 36. ಲೀಲಾವತಿ ಅದರ ಮೊದಲ ಭಾಗ. ಮುತ್ತಿನ ಕಥೆ ಅದರಲ್ಲಿಲ್ಲ. 1587ರಲ್ಲಿ ಅಕ್ಬರನ ಆಸ್ಥಾನದ ಫೈಜಿ ಮಾಡಿದ ಪಾರ್ಸಿ ಅನುವಾದದಲ್ಲಿದೆ.

ದೊಡ್ಡಪ್ಪ: ಹಿರಿಯರ ಮಾತಿಗೆ ಮೂಲ ಕೇಳಬಾರದು. ನಾವು ನಮ್ಮಪ್ಪನ್ನ ಕೇಳಿದ್ವಾ?

ಚಿಕ್ಕಪ್ಪ: ಕೇಳಿದ್ದಿದ್ರೆ ತೋಟದ ಪತ್ರ ಇವತ್ತು ಸಿಕ್ತಿತ್ತು.

ದೊಡ್ಡಪ್ಪ: 🚫 ಈ ಸಂದೇಶ ಅಳಿಸಲಾಗಿದೆ

ವಿಜಾಪುರದ ಮಾವ: ಭಾಸ್ಕರಾಚಾರ್ಯ ನಮ್ಮ ಕಡಿಯಾಂವ! ಅವರ ಊರು ವಿಜ್ಜಡವಿಡ ಅಂದ್ರ ನಮ್ಮ ಬಿಜಾಪುರನ.

ಚಿಕ್ಕಪ್ಪ: ಸಹ್ಯಾದ್ರಿ ಆಸರೆಯ ಊರು ಅಂತ ಅವರೇ ಬರ್ಕೊಂಡಿದ್ದಾರೆ. ಬಿಜಾಪುರದಲ್ಲಿ ಸಹ್ಯಾದ್ರಿ ಎಲ್ಲಿದೆ ಭಾವ? ಮೊಮ್ಮಗ ಚಾಂಗದೇವನ 1207ರ ಶಾಸನ ಸಿಕ್ಕಿದ್ದೂ ಮಹಾರಾಷ್ಟ್ರದ ಚಾಳೀಸಗಾಂವ್ ಹತ್ರ.

ವಿಜಾಪುರದ ಮಾವ: ಮದವಿಯಾಗ ಹೋಳಿಗಿ ಸಾಲದಾಗೂ ಹಿಂಗ ವಾದಾ ಮಾಡಿದ್ದಿ.

ಪುಟ್ಟಣ್ಣ: ಅಜ್ಜ ಜಗಲಿ ಮೇಲೆ ಸೀಮೆಸುಣ್ಣದಲ್ಲಿ ಬರೀತಿದ್ದ ಲೀಲಾವತಿಯ ದುಂಬಿ ಲೆಕ್ಕ ನೆನಪಿದ್ಯಾ? ಹಿಂಡಿನ ಐದನೇ ಒಂದು ಪಾಲು ಕದಂಬಕ್ಕೆ, ಮೂರನೇ ಒಂದು ಪಾಲು ಶಿಲೀಂಧ್ರದ ಹೂವಿಗೆ, ಅವೆರಡರ ವ್ಯತ್ಯಾಸದ ಮೂರು ಪಟ್ಟು ಕುಟಜಕ್ಕೆ. ಒಂದು ಮಾತ್ರ ಕೇದಗೆಗೋ ಮಾಲತಿಗೋ ತಿಳೀದೆ ಗಾಳಿಯಲ್ಲೇ ಸುತ್ತುತ್ತಿದೆ. ಒಟ್ಟು ಎಷ್ಟು?

ನಾನು: 15. ಮೂರು, ಐದು, ಆರು, ಮತ್ತೊಂದು.

ಪುಟ್ಟಣ್ಣ: ಆಗ 12 ಅಂದಿದ್ದೆ. ಕೊಬ್ಬರಿ ಮಿಠಾಯಿ ನನಗೇ ಸಿಕ್ತು 😂

ದೊಡ್ಡತ್ತೆ: ಸಿಕ್ಕಿದ್ದಲ್ಲ, ಡಬ್ಬಿಯಿಂದ ಕದ್ದಿದ್ದು.

ಚಿಕ್ಕಪ್ಪ: ಆ ದುಂಬಿ ಪದ್ಯದಲ್ಲಿ ‘ಕಾಂತೆ’ ಅಂತ ಕರೀತಾರೆ. ಮಗಳನ್ನ ಹಾಗೆ ಯಾರಾದ್ರೂ ಕರೀತಾರಾ?

ದೊಡ್ಡಪ್ಪ: ಗುಂಪಿನಲ್ಲಿ ಮಕ್ಕಳಿದ್ದಾರೆ.

ತಂಗಿ: ಅತ್ತೆ, ನಮ್ಮ ಮುಹೂರ್ತ ಮೀರಿದ್ದು ಮುತ್ತಿನಿಂದಲ್ಲ. ನೀವು ಸೀರೆ ಬದಲಾಯಿಸೋಕೆ ಹೋಗಿ 40 ನಿಮಿಷ ಬರಲಿಲ್ಲ.

ದೊಡ್ಡತ್ತೆ: ಆ ಸೀರೆ ಕೊಟ್ಟಿದ್ದು ನಿಮ್ಮಮ್ಮ. ಕುಪ್ಪಸ ಹೊಲಿಸಿರಲಿಲ್ಲ.

ಚಿಕ್ಕಪ್ಪ: ಮೂಲ?

ಅಮ್ಮ ಟೈಪ್ ಮಾಡುತ್ತಿದ್ದಾರೆ…