ರೇಮಿ ಶರ್ಟ್ ಮಡಿಕೆಯಲ್ಲೇ ಸವೆಯುತ್ತಿದೆ, ಏನು ಮಾಡಲಿ?

ಬನಶಂಕರಿ ಸೈಕಲ್:
ಕಮರ್ಷಿಯಲ್ ಸ್ಟ್ರೀಟ್‌ನಲ್ಲಿ ಒಂದು ತುಂಬು ತೋಳಿನ ಶರ್ಟ್ ತಗೊಂಡಿದ್ದೆ. ಲೇಬಲ್‌ನಲ್ಲಿ ರೇಮಿ (ಒಂದು ಗಿಡದ ತೊಗಟೆಯ ನಾರಂತೆ) 55%, ಕಾಟನ್ 45% ಅಂತಿದೆ. ಬೇಸಿಗೆಗೆ ಹೇಳಿ ಮಾಡಿಸಿದ ಹಾಗಿದೆ. ಬೆವರಿಗೆ ಮೈಗೆ ಅಂಟುವುದಿಲ್ಲ, ಬೇಗ ಒಣಗುತ್ತದೆ, ಒಳ್ಳೇ ಹೊಳಪೂ ಇದೆ. ಆದರೆ ಕಾಲರ್ ಮಡಿಕೆಯ ಉದ್ದಕ್ಕೂ ಬಿಳಿ ಗೆರೆ ಬಂದಿದೆ. ಬೆಳಕಿಗೆ ಹಿಡಿದರೆ ಅಲ್ಲಲ್ಲಿ ಎಳೆ ತುಂಡಾಗಿರುವುದು ಕಾಣುತ್ತದೆ. ತೋಳಿನ ಮೇಲೆ ಇಸ್ತ್ರಿಯವರು ಕೂರಿಸುವ ಗೆರೆಯಲ್ಲೂ ಹಾಗೇ ಆಗಿದೆ. ಉಳಿದ ಬಟ್ಟೆ ಹೊಸದರಂತೇ ಇದೆ. ಮಷಿನ್‌ಗೆ ಹಾಕಿದ್ದೇ ಕಾರಣವಾ?

ಮಲ್ಲೇಶ್ವರಂ ಮಾವ:
ಖಾದಿ, ಲಿನನ್ ತರಹದ್ದೇ ಬಟ್ಟೆ ಅಲ್ವಾ? ತೆಳುವಾಗಿ ಗಂಜಿ ಹಾಕಿ ಇಸ್ತ್ರಿ ಮಾಡಿಸಿ. ಮೈಗಟ್ಟಿಯಾಗಿ ನಿಲ್ಲುತ್ತದೆ.

ಪೀಣ್ಯ ಅಕ್ಕ:
ಸರ್, ದಯವಿಟ್ಟು ಗಂಜಿ ಬೇಡ. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಬಹಳ ವರ್ಷ ಬಟ್ಟೆ ಚೆಕಿಂಗ್ ಕೆಲಸದಲ್ಲಿದ್ದೆ. ರೇಮಿ ನನ್ನ ಕೈಯಲ್ಲಿ ತುಂಬಾ ಆಡಿದ ಬಟ್ಟೆ, ನನಗೆ ಬಹಳ ಇಷ್ಟವಾದದ್ದು ಕೂಡ. ಸುಮ್ನೆ ಹಾಳಾಗುವುದನ್ನು ನೋಡಲಾಗುವುದಿಲ್ಲ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಕಾರಣ ಒಗೆಯುವುದಲ್ಲ, ಮಡಿಕೆ. ರೇಮಿ ನೆನೆದಾಗ ಇನ್ನೂ ಗಟ್ಟಿಯಾಗುತ್ತದೆ, ನೀರು ಅದಕ್ಕೆ ಶತ್ರುವಲ್ಲ. ಆದರೆ ಎಳೆಯೊಳಗಿನ ಸೆಲ್ಯುಲೋಸ್, ಅಂದರೆ ಗಿಡದ ನಾರಿನ ಮೂಲವಸ್ತು, ಬಹಳ ಬಿಗಿಯಾಗಿ, ನೇರವಾಗಿ ಜೋಡಿಸಿಕೊಂಡಿರುತ್ತದೆ. ಎಳೆದರೆ ಜಗ್ಗುವುದಿಲ್ಲ, ಅದೇ ಅದರ ಶಕ್ತಿ. ಒಣಗಿದ್ದಾಗ ಒಂದೇ ಜಾಗದಲ್ಲಿ ಪದೇ ಪದೇ ಬಾಗಿಸಿ ಒತ್ತಿದರೆ ಮಾತ್ರ ಒಣ ಕಡ್ಡಿಯಂತೆ ಮುರಿಯುತ್ತದೆ. ನಿಮ್ಮ ಕಾಲರ್‌ಗೂ ತೋಳಿನ ಗೆರೆಗೂ ಆಗಿರುವುದು ಇದೇ. ಗಂಜಿ ಹಾಕಿದರೆ ಇನ್ನಷ್ಟು ಬಿರುಸಾಗಿ ಬೇಗ ಮುರಿಯುತ್ತದೆ. ರೇಮಿಗೆ ಹುಟ್ಟಾ ಬಿಗಿ ಇದೆ, ಗಂಜಿಯ ಅಗತ್ಯವೇ ಇಲ್ಲ.

ಕೊರಿಯಾದ ಹಾನ್ಸಾನ್ ಎಂಬಲ್ಲಿ ತೆಳ್ಳನೆಯ ರೇಮಿ ಬಟ್ಟೆ ನೇಯುತ್ತಾರೆ. ಆ ನೇಯ್ಗೆ 2011ರಲ್ಲಿ ಯುನೆಸ್ಕೋದ ಪರಂಪರೆ ಪಟ್ಟಿಗೂ ಸೇರಿತು. ಅಲ್ಲಿ ಮಗ್ಗವನ್ನು ತೇವ ಇರುವ ಜಾಗದಲ್ಲೇ ಇಡುತ್ತಿದ್ದರು, ಗಾಳಿ ಒಣಗಿದ್ದರೆ ನೂಲು ಪಟಪಟ ಹರಿಯುತ್ತದೆ ಅಂತ. ನೇಯುವವರಿಗೆ ಬೇಕಾದ ತೇವವೇ ಇಸ್ತ್ರಿ ಮಾಡುವವರಿಗೂ ಬೇಕು. ಹಾಗಾಗಿ ಬಟ್ಟೆ ಪೂರ್ತಿ ಒಣಗುವ ಮುಂಚೆ ತೆಗೆದುಕೊಳ್ಳಿ. ಒಳಮಗ್ಗುಲು ಹೊರಗೆ ಮಾಡಿ ಇಸ್ತ್ರಿ ಹಾಕಿ. ಶಾಖ ಚೆನ್ನಾಗಿಯೇ ತಡೆಯುತ್ತದೆ. ಒಣಗಿಬಿಟ್ಟಿದ್ದರೆ ನೀರು ಚಿಮುಕಿಸಿ, ಸುತ್ತಿಟ್ಟು, ಸ್ವಲ್ಪ ಹೊತ್ತು ಬಿಟ್ಟು ಆಮೇಲೆ ಮಾಡಿ. ಕಾಲರ್ ಬಿಡಿಸಿಟ್ಟು ಚಪ್ಪಟೆಯಾಗಿ ಇಸ್ತ್ರಿ ಮಾಡಿ, ಮಡಿಕೆಯನ್ನು ಕೈಯಲ್ಲೇ ತಿರುಗಿಸಿ. ತೋಳಿಗೆ ಗೆರೆ ಬೇಡವೇ ಬೇಡ. ಬೀದಿ ಇಸ್ತ್ರಿಗೆ ಕೊಡುವುದಾದರೆ ಇದನ್ನು ಬಾಯಿಬಿಟ್ಟು ಹೇಳಬೇಕು, ಇಲ್ಲದಿದ್ದರೆ ಇದ್ದಲಿನ ಪೆಟ್ಟಿಗೆಯ ಪೂರ್ತಿ ಭಾರ ಆ ಗೆರೆಯ ಮೇಲೇ ಬೀಳುತ್ತದೆ.

ಒಗೆಯುವಾಗ ತಣ್ಣೀರು, ಮೃದು ಲಿಕ್ವಿಡ್ ಡಿಟರ್ಜೆಂಟ್. ನಮ್ಮ ಕಡೆ ಬೋರ್‌ವೆಲ್ ನೀರು ಗಡಸು. ಬಾರ್ ಸೋಪ್ ಉಜ್ಜಿದರೆ ಸೋಪಿನ ಜಿಡ್ಡು ಎಳೆಗಳ ನಡುವೆ ಕೂತು ಬಟ್ಟೆ ಒರಟಾಗುತ್ತದೆ. ಹಿಂಡಬೇಡಿ, ಸ್ಪಿನ್ ಕಡಿಮೆ ಇಡಿ, ಕೊಡವಿ ನೆರಳಲ್ಲಿ ಹಾಕಿ.

ಬನಶಂಕರಿ ಸೈಕಲ್:
ತುಂಬಾ ಥ್ಯಾಂಕ್ಸ್ ಮೇಡಂ. ಕತ್ತಿನ ಹತ್ತಿರ ಸ್ವಲ್ಪ ಚುಚ್ಚುತ್ತದೆ, ಅದು ಹೋಗುತ್ತದಾ? ಮತ್ತೆ ಈ 55-45 ಲೆಕ್ಕ ಯಾಕೆ?

ಪೀಣ್ಯ ಅಕ್ಕ:
ರೇಮಿ ಎಳೆ ಹತ್ತಿಗಿಂತ ಬಹಳ ಉದ್ದ. ಹತ್ತಿಯ ಜೊತೆ ಅದೇ ಯಂತ್ರದಲ್ಲಿ ನೂಲಬೇಕಾದರೆ ಅದನ್ನು ತುಂಡು ಮಾಡುತ್ತಾರೆ. ಆ ತುಂಡಿನ ತುದಿಗಳು ಹೊರಗೆ ಇಣುಕುತ್ತವೆ, ಚುಚ್ಚುವುದು ಅವೇ. ಒಗೆದಂತೆ ಸ್ವಲ್ಪ ಮೆತ್ತಗಾಗುತ್ತದೆ, ಪೂರ್ತಿ ಹೋಗುತ್ತದೆ ಅಂತ ನಾನು ಹೇಳಲಾರೆ. ಒಳಗೆ ತೆಳು ಬನಿಯನ್ ಹಾಕಿ.

55-45 ಎಕ್ಸ್‌ಪೋರ್ಟ್‌ನ ಹಳೇ ಲೆಕ್ಕ. ಆಗ ಅಮೆರಿಕಕ್ಕೆ ಹೋಗುವ ಹತ್ತಿ, ಉಣ್ಣೆ, ಸಿಂಥೆಟಿಕ್ ಬಟ್ಟೆಗೆ ಕೋಟಾ, ಅಂದರೆ ಇಷ್ಟೇ ಕಳಿಸಬಹುದು ಅನ್ನುವ ಮಿತಿ ಇತ್ತು, ರೇಮಿಗೆ ಇರಲಿಲ್ಲ. ತೂಕದಲ್ಲಿ ರೇಮಿಯೇ ಜಾಸ್ತಿ ಇದ್ದರೆ ಬಟ್ಟೆ ಕೋಟಾದಿಂದ ಪಾರು. 1986ರಲ್ಲಿ ನಿಯಮ ಬಿಗಿ ಮಾಡಿ ರೇಮಿಯನ್ನೂ ಸೇರಿಸಿದರು. ಆದರೂ ಆ ಮಿಶ್ರಣ ಉಳಿದುಕೊಂಡಿತು.

ಮಲ್ಲೇಶ್ವರಂ ಮಾವ:
ಗಂಜಿ ಮಾತು ವಾಪಸ್ ತಗೊಂಡೆ ತಾಯಿ. ಗಿಡ ನಮ್ಮ ದೇಶದಲ್ಲಿ ಬೆಳೆಯುತ್ತದಾ?

ಪೀಣ್ಯ ಅಕ್ಕ:
ಅಸ್ಸಾಂ ಕಡೆ ಬೆಳೆಯುತ್ತದೆ ಸರ್, ಸೋರ್‌ಭೋಗ್‌ನಲ್ಲಿ ಇದಕ್ಕೇ ಸರ್ಕಾರಿ ಸಂಶೋಧನಾ ಕೇಂದ್ರವಿದೆ. ಮುಟ್ಟಿದರೆ ತುರಿಸುವ ಗಿಡಗಳ ಕುಟುಂಬದ್ದೇ, ಆದರೆ ಇದು ತುರಿಸುವುದಿಲ್ಲ. ಒಮ್ಮೆ ನೆಟ್ಟರೆ ವರ್ಷಕ್ಕೆ ಹಲವು ಸಲ ಕೊಯ್ಯಬಹುದು. ತೊಗಟೆಯಲ್ಲಿ ಅಂಟು ಜಾಸ್ತಿ, ಅದನ್ನು ಕ್ಷಾರದಲ್ಲಿ ಬೇಯಿಸಿ ತೆಗೆದ ಮೇಲೇ ನೂಲಬಹುದು. ಬೆಲೆ ಏರುವುದಕ್ಕೆ ಅದೂ ಒಂದು ಕಾರಣ. ಮದುವೆ ಮನೆಗಳಲ್ಲಿ ಉರಿಸುತ್ತಿದ್ದ ಗ್ಯಾಸ್‌ಲೈಟ್ ನೆನಪಿದೆಯಾ? ಅಂಥ ದೀಪಗಳ ಮ್ಯಾಂಟಲ್‌ಗೂ, ಅಂದರೆ ಒಳಗೆ ಬೆಳಗುವ ಬಲೆಯಂಥ ಚೀಲಕ್ಕೂ, ರೇಮಿ ನೂಲು ಬಳಸುತ್ತಿದ್ದರು.

ಕಿರಿಯರೇ, ಆ ಶರ್ಟನ್ನು ಮಡಿಸಿ ಬೀರುವಿನಲ್ಲಿ ಇಡಬೇಡಿ, ಹ್ಯಾಂಗರ್‌ಗೆ ಹಾಕಿ. ಹುಳ, ಬೂಷ್ಟಿನ ಭಯ ಅಷ್ಟಿಲ್ಲ. ಕಾಲರ್ ಈಗಾಗಲೇ ಸವೆದಿದ್ದರೆ ಟೈಲರ್ ಹತ್ತಿರ ಬಿಚ್ಚಿಸಿ, ಮಗುಚಿ ಹೊಲಿಸಿ. ಒಳಗಿನ ಹೊಸ ಮುಖ ಮೇಲೆ ಬರುತ್ತದೆ.