ಸಹಾಯ ಬೇಕು: ಅಪ್ಪನ ಶುಗರ್ ಲೆಕ್ಕ ಅರ್ಥವಾಗುತ್ತಿಲ್ಲ

ನಾವು ದಾವಣಗೆರೆಯವರು. ಅಪ್ಪನಿಗೆ 61 ವರ್ಷ. ಹೆಪಟೈಟಿಸ್ ಬಿ ಹಳೆಯದು, ಅದರ ಮಾತ್ರೆ ಟೆನೊಫೊವಿರ್ ಒಂದು ದಿನವೂ ತಪ್ಪಿಸಿಲ್ಲ. ಆದರೂ ಈಗ ಸಿರೋಸಿಸ್ (ಲಿವರ್ ಗಾಯವಾಗಿ ಗಟ್ಟಿಯಾಗುವುದು) ಅಂತಾರೆ. ಜೊತೆಗೆ ಶುಗರ್.

ಖಾಲಿ ಹೊಟ್ಟೆಯಲ್ಲಿ 104, 110. ಊಟವಾಗಿ ಎರಡು ಗಂಟೆ ಬಿಟ್ಟು ಚುಚ್ಚಿದರೆ 260! ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಟೆಸ್ಟ್) ಮಾತ್ರ 6.1. ಹಿಮೋಗ್ಲೋಬಿನ್ 9.

ಅನ್ನ ಅರ್ಧ ಮಾಡಿದ್ದೇವೆ. ಸಂಜೆಯ ಮಂಡಕ್ಕಿ-ಮಿರ್ಚಿ ಬಿಡಿಸಿ ಎರಡು ತಿಂಗಳಾಯಿತು. ಪಾಪ, ಗಾಡಿ ಕಂಡರೆ ಮುಖ ಆ ಕಡೆ ತಿರುಗಿಸಿಕೊಳ್ಳುತ್ತಾರೆ. ನೋಡೋಕಾಗಲ್ಲ.

ಒಬ್ಬ ಡಾಕ್ಟರ್ 6.1 ನೋಡಿ ಕಂಟ್ರೋಲ್‌ನಲ್ಲಿದೆ ಅಂದರು. ಇನ್ನೊಬ್ಬರು, ರಕ್ತ ಕಡಿಮೆ ಇದ್ದು ಸಿರೋಸಿಸ್ ಕೂಡ ಇದ್ದರೆ ಆ ನಂಬರ್ ಇರೋದಕ್ಕಿಂತ ಕಡಿಮೆ ತೋರಿಸಬಹುದು ಅಂದರು. ನಾನು ಸಿಕ್ಕಿಹಾಕಿಕೊಂಡಿರುವುದು ಇಲ್ಲೇ.

ಎರಡೂ ಕಾಯಿಲೆ ಇರುವವರು ನಿಮ್ಮ ಮನೆಯಲ್ಲಿ ಇದ್ದಾರಾ? ಅವರಿಗೆ ಔಷಧಿ ಬದಲಿಸುವಾಗ ಡಾಕ್ಟರ್ ಯಾವ ಲೆಕ್ಕ ನೋಡಿದರು: ಎಚ್‌ಬಿಎ1ಸಿಯಾ, ಊಟದ ನಂತರದ ರೀಡಿಂಗಾ?